ಹಡಗಿನ ಇಂಜಿನ್ ಆಯಿಲ್ ಪಂಪ್‌ನಲ್ಲಿ ಪ್ರೆಶರ್ ಬರುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರ ನೋಡಬೇಕಂದ್ರೆ ಘಟ್ಟ ಇಳಿಯಬೇಕಾದ ಊರು ನಮ್ಮದು. ಆದರೂ ಮೈಸೂರು, ಮಂಡ್ಯದಿಂದ ಮೆಕ್ಯಾನಿಕಲ್ ಓದಿ ಒಂದು ವರ್ಷದ ಜಿಎಂಇ (ಗ್ರ್ಯಾಜುಯೇಟ್ ಮೆರೈನ್ ಇಂಜಿನಿಯರಿಂಗ್) ಕೋರ್ಸ್ ಮುಗಿಸಿ ಹಡಗು ಹತ್ತುವ ಹುಡುಗರು ಇದ್ದಾರೆ. ನಾನು ಪಾಂಡವಪುರದ ಕಡೆಯವನು, ವರ್ಷಗಟ್ಟಲೆ ಇಂಜಿನ್ ರೂಮಿನಲ್ಲಿ ಬೆಂದು ಈಗ ಮೈಸೂರಿನಲ್ಲಿ ನೆಲ ಹಿಡಿದಿದ್ದೇನೆ. ಈ ಹುಡುಗರು ಫೋನಿನಲ್ಲಿ, ಪತ್ರದಲ್ಲಿ, ರಜೆಗೆ ಬಂದಾಗ ಮನೆ ಜಗುಲಿ ಮೇಲೆ ಕೂತು ಕೇಳಿದ ಪ್ರಶ್ನೆಗಳು ಇವು. ಒಂದೆರಡು ಊರಿನ ರೈತರು ಕೇಳಿದ್ದು. ಅವರ ಪ್ರಶ್ನೆಗಳೇ ಒಂದು ಕೈ ಮೇಲು.

## ಶುರುವಿನಲ್ಲಿ ಕೇಳೋದು

ಆಯಿಲ್ ಪ್ರೆಶರ್ ಬಿತ್ತು ಅಂದ್ರೆ ಪಂಪ್ ಹೋಯ್ತು ಅಂತ ತಾನೇ ಅರ್ಥ?

ಅಲ್ಲ. ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ. ಆ ಎಣ್ಣೆಗೆ ಎದುರಿನಲ್ಲಿ ಎಷ್ಟು ತಡೆ ಸಿಗುತ್ತದೋ ಅದೇ ಗೇಜಿನಲ್ಲಿ ಕಾಣುವ ಪ್ರೆಶರ್. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮುತ್ತೆ, ಬೆರಳು ತೆಗೆದರೆ ಸುಮ್ನೆ ಸುರಿಯುತ್ತೆ. ಮೋಟಾರ್ ಅದೇ, ನೀರೂ ಅಷ್ಟೇ.

ಹಾಗಾಗಿ ಪಂಪಿನ ಹತ್ತಿರವೇ ಪ್ರೆಶರ್ ಬಿತ್ತು ಅಂದರೆ ಮುಖ್ಯವಾಗಿ ಮೂರು ದಾರಿ. ಪಂಪಿಗೆ ಎಣ್ಣೆ ಸರಿಯಾಗಿ ಸಿಗುತ್ತಿಲ್ಲ, ಪಂಪಿನ ಒಳಗೇ ಎಣ್ಣೆ ವಾಪಸ್ ಜಾರುತ್ತಿದೆ, ಇಲ್ಲವೇ ಮುಂದೆ ಎಲ್ಲೋ ತಡೆಯಿಲ್ಲದೆ ಸೋರಿ ಹೋಗುತ್ತಿದೆ. ನನ್ನ ಅನುಭವದಲ್ಲಿ ಪಂಪ್ ಬಿಚ್ಚುವುದು ಕಡೆಯ ಕೆಲಸ. ಹೊಸಬರು ಅದನ್ನೇ ಮೊದಲು ಮಾಡುತ್ತಾರೆ, ಯಾಕಂದ್ರೆ ಸ್ಪ್ಯಾನರ್ ಕೈಯಲ್ಲಿರುತ್ತೆ.

ನಮ್ಮ ಟ್ರ್ಯಾಕ್ಟರ್‌ಗೂ ಆಯಿಲ್ ಪಂಪ್ ಇದೆ. ಹಡಗಿನದು ಅಂಥಾ ವಿಶೇಷ ಏನು?

ಟ್ರ್ಯಾಕ್ಟರ್‌ನಲ್ಲಿ ಏಳೆಂಟು ಲೀಟರ್ ಎಣ್ಣೆ. ಇಂಜಿನ್ನೇ ಪಂಪನ್ನು ತಿರುಗಿಸುತ್ತೆ. ಹಡಗಿನ ಜನರೇಟರ್ ಇಂಜಿನ್‌ಗಳೂ ಹೆಚ್ಚು ಕಡಿಮೆ ಇದೇ ಥರ: ಇಂಜಿನ್ ತಿರುಗಿಸುವ ಗೇರ್ ಪಂಪ್, ಜೊತೆಗೆ ಸ್ಟಾರ್ಟ್ ಆಗುವ ಮೊದಲೇ ಬೇರಿಂಗ್‌ಗಳಿಗೆ ಎಣ್ಣೆ ಉಣಿಸುವ ಸಣ್ಣ ಪ್ರೈಮಿಂಗ್ ಪಂಪ್.

ಹಡಗನ್ನು ನಡೆಸುವ ದೊಡ್ಡ ಟೂ ಸ್ಟ್ರೋಕ್ ಮೈನ್ ಇಂಜಿನ್ ಕಥೆ ಬೇರೆ. ಅದು ಮೂರು ನಾಲ್ಕು ಮಹಡಿ ಮನೆಯಷ್ಟು ಎತ್ತರ. ಎಣ್ಣೆ ಹತ್ತಾರು ಸಾವಿರ ಲೀಟರ್ ಲೆಕ್ಕದಲ್ಲಿ ಇಂಜಿನ್ನಿನ ಕೆಳಗೆ ಹಡಗಿನ ತಳದ ಟ್ಯಾಂಕಿನಲ್ಲಿರುತ್ತೆ. ಅದನ್ನು ಎತ್ತೋಕೆ ಕರೆಂಟಿನ ಎರಡು ಪಂಪ್, ಸ್ಕ್ರೂ ಅಥವಾ ಸೆಂಟ್ರಿಫ್ಯೂಗಲ್ ಜಾತಿಯವು. ಒಂದು ಓಡುತ್ತಿದ್ದರೆ ಇನ್ನೊಂದು ಸ್ಟ್ಯಾಂಡ್‌ಬೈ. ಪ್ರೆಶರ್ ಇಳಿದರೆ ಸ್ಟ್ಯಾಂಡ್‌ಬೈ ತಾನಾಗಿ ಸ್ಟಾರ್ಟ್ ಆಗಬೇಕು. ಎಷ್ಟೋ ಇಂಜಿನ್‌ಗಳಲ್ಲಿ ಇದೇ ಎಣ್ಣೆ ಪಿಸ್ಟನ್ನನ್ನೂ ತಣ್ಣಗಿಡುತ್ತೆ. ಎಣ್ಣೆ ನಿಂತರೆ ಬೇರಿಂಗ್ ಮಾತ್ರ ಅಲ್ಲ, ಪಿಸ್ಟನ್ನೂ ಹೋಯಿತು.

ಎಷ್ಟು ಬಾರ್ ಇರಬೇಕು? ಒಂದು ನಂಬರ್ ಹೇಳಿ ಸಾಕು.

ಬಾರ್ ಅಂದರೆ ಪ್ರೆಶರ್ ಅಳೆಯುವ ಲೆಕ್ಕ. ದೊಡ್ಡ ಟೂ ಸ್ಟ್ರೋಕ್ ಇಂಜಿನ್‌ಗೆ ಸುಮಾರು 2ರಿಂದ 3 ಬಾರ್, ಫೋರ್ ಸ್ಟ್ರೋಕ್ ಜನರೇಟರ್‌ಗೆ ಸುಮಾರು 4ರಿಂದ 5 ಬಾರ್. ಆದರೆ ಇದನ್ನು ಡೈರಿಯಲ್ಲಿ ಬರೆದುಕೊಳ್ಳಬೇಡಿ. ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್‌ನಲ್ಲಿರುವ ನಂಬರೇ ನಿಮ್ಮ ನಂಬರ್. ಅದಕ್ಕಿಂತ ಬೆಲೆ ಬಾಳುವುದು ಲಾಗ್‌ಬುಕ್. ಇದೇ ಲೋಡಿನಲ್ಲಿ, ಇದೇ ಎಣ್ಣೆ ಬಿಸಿಯಲ್ಲಿ ಆರು ತಿಂಗಳ ಹಿಂದೆ ಎಷ್ಟಿತ್ತು ಅಂತ ನೋಡಿ. 4.6 ಇದ್ದದ್ದು 4.1 ಆಗಿದ್ದರೆ ಅಲಾರ್ಮ್ ಬಾರದಿದ್ದರೂ ಕಾಯಿಲೆ ಶುರುವಾಗಿದೆ.

ಅಲಾರ್ಮ್ ಹೊಡೀತು. ನಾನೊಬ್ಬನೇ ವಾಚ್‌ನಲ್ಲಿದ್ದೇನೆ. ಮೊದಲು ಏನು ಮಾಡಲಿ?

ಸ್ಟ್ಯಾಂಡ್‌ಬೈ ಪಂಪ್ ಸ್ಟಾರ್ಟ್ ಆಯಿತಾ ನೋಡಿ. ಆಗಿಲ್ಲದಿದ್ದರೆ ಕೈಯಲ್ಲಿ ಸ್ಟಾರ್ಟ್ ಮಾಡಿ. ಬ್ರಿಡ್ಜ್‌ಗೆ (ಹಡಗು ನಡೆಸುವ ಕೋಣೆಗೆ) ಫೋನ್ ಮಾಡಿ ಸ್ಪೀಡ್ ಇಳಿಸಬೇಕು ಅಂತ ಹೇಳಿ, ಸೆಕೆಂಡ್ ಇಂಜಿನಿಯರನ್ನು ಕರೆಯಿರಿ. ಮಧ್ಯರಾತ್ರಿ ಎಬ್ಬಿಸಿದ್ದಕ್ಕೆ ಅವರು ಬೈಯಬಹುದು, ಬೈಯಲಿ. ಎರಡನೇ ಪಂಪೂ ಪ್ರೆಶರ್ ಹಿಡಿಯದಿದ್ದರೆ ಇಂಜಿನ್ ನಿಲ್ಲಿಸುವುದೇ ದಾರಿ. ಸೇಫ್ಟಿ ಸಿಸ್ಟಮ್ ಮೊದಲು ಸ್ಲೋಡೌನ್, ಆಮೇಲೆ ಶಟ್‌ಡೌನ್ ಅಂತ ತಾನೇ ಮಾಡುತ್ತೆ. ಆ ಟ್ರಿಪ್ಪನ್ನು ಬೈಪಾಸ್ ಮಾಡುವ ಆಸೆಗೆ ಬೀಳಬೇಡಿ. ಎಣ್ಣೆಯಿಲ್ಲದೆ ಬೇರಿಂಗ್ ಸುಡೋದಕ್ಕೆ ನೀವು ಮೆಟ್ಟಿಲಿಳಿದು ಬರುವಷ್ಟು ಹೊತ್ತೂ ಬೇಡ.

ಇಂಜಿನ್ ನಿಲ್ಲಿಸಿದ ಕೂಡಲೇ ಕ್ರ್ಯಾಂಕ್‌ಕೇಸ್ ಬಾಗಿಲು ತೆಗೆದು ನೋಡಬಹುದಾ?

ಬೇಡವೇ ಬೇಡ. ಕ್ರ್ಯಾಂಕ್‌ಕೇಸ್ ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಇಂಜಿನ್ನಿನ ಹೊಟ್ಟೆ. ಬೇರಿಂಗ್ ಕಾದಿದ್ದರೆ ಒಳಗೆ ಎಣ್ಣೆಯ ಹಬೆ ತುಂಬಿರುತ್ತೆ. ಬಾಗಿಲು ತೆಗೆದರೆ ಗಾಳಿ ನುಗ್ಗಿ ಆ ಹಬೆ ಸಿಡಿಯಬಹುದು. 1947ರಲ್ಲಿ ರೀನಾ ಡೆಲ್ ಪೆಸಿಫಿಕೊ ಹಡಗಿನಲ್ಲಿ ಇಂಥ ಕ್ರ್ಯಾಂಕ್‌ಕೇಸ್ ಸ್ಫೋಟವಾಗಿ 28 ಜನ ಸತ್ತರು. ಅಲ್ಲಿ ಶುರುವಾದದ್ದು ಕಾದ ಪಿಸ್ಟನ್ನಿನಿಂದ, ಆದರೆ ಸಿಡಿದ ರೀತಿ ಇದೇ. ಕನಿಷ್ಠ 20 ನಿಮಿಷ, ಅನುಮಾನವಿದ್ದರೆ ಇನ್ನೂ ಜಾಸ್ತಿ ಕಾಯಿರಿ. ಬಾಗಿಲಿನ ಎದುರಿಗೆ ನಿಲ್ಲಬೇಡಿ.

## ಕೆಲಸಕ್ಕೆ ಇಳಿದ ಮೇಲೆ ಕೇಳೋದು

ಗೇಜೇ ಸುಳ್ಳು ಹೇಳ್ತಿರಬಹುದಲ್ವಾ?

ಖಂಡಿತ. ಅದಕ್ಕೇ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ಗೇಜಿನ ಕಾಕ್ ಅರ್ಧ ಮುಚ್ಚಿರುತ್ತೆ, ಸಣ್ಣ ಪೈಪಿನಲ್ಲಿ ಕೊಳೆ ಕಟ್ಟಿರುತ್ತೆ, ಸೆನ್ಸರ್ ಕೆಟ್ಟಿರುತ್ತೆ. ಪಂಪಿನ ಹತ್ತಿರದ ಗೇಜು, ಇಂಜಿನ್ ಬಾಯಿಯ ಗೇಜು, ಕಂಟ್ರೋಲ್ ರೂಮಿನ ರೀಡಿಂಗ್, ಮೂರನ್ನೂ ಪಕ್ಕಪಕ್ಕ ಬರೆದು ನೋಡಿ. ಮೂರೂ ಒಂದೇ ಇರಲ್ಲ, ಇರಬಾರದು ಕೂಡ. 10 ಮೀಟರ್ ಎತ್ತರಕ್ಕೇ ಎಣ್ಣೆಯ ಭಾರದಿಂದ ಸುಮಾರು 0.9 ಬಾರ್ ವ್ಯತ್ಯಾಸ ಬರುತ್ತೆ. ಕೆಳಗಿನ ಗೇಜು ನೋಡಿ ಮೇಲೆ ಕಮ್ಮಿ ಇದೆ ಅಂತ ಗಾಬರಿಯಾದ ಹುಡುಗರು ಎಷ್ಟೋ ಜನ.

ಪಂಪಿನ ಹತ್ತಿರ ಪ್ರೆಶರ್ ಚೆನ್ನಾಗಿದ್ದು ಇಂಜಿನ್ ಬಾಯಲ್ಲಿ ಮಾತ್ರ ಕಮ್ಮಿ ಇದ್ದರೆ ಪಂಪ್ ನಿರಪರಾಧಿ. ನಡುವೆ ಫಿಲ್ಟರ್ ಇಲ್ಲವೇ ಕೂಲರ್ ಕಟ್ಟಿದೆ. ಫಿಲ್ಟರಿನ ಎರಡೂ ಕಡೆಯ ಪ್ರೆಶರ್ ವ್ಯತ್ಯಾಸ ನೋಡಿ, ಒಂದು ನಿಮಿಷದ ಕೆಲಸ.

ಟ್ಯಾಂಕಲ್ಲಿ ಎಣ್ಣೆ ಇದೆ. ಆದ್ರೂ ಹಡಗು ಓಲಾಡಿದಾಗ ಮಾತ್ರ ಪ್ರೆಶರ್ ಬೀಳುತ್ತೆ. ಯಾಕೆ?

ಬಿಂದಿಗೆಯಲ್ಲಿ ಅರ್ಧ ನೀರು ತುಂಬಿ ಓರೆ ಮಾಡಿ ನೋಡಿ. ಒಂದು ಕಡೆ ತಳ ಕಾಣುತ್ತೆ. ಸಕ್ಷನ್ ಪೈಪಿನ, ಅಂದರೆ ಎಣ್ಣೆ ಹೀರುವ ಪೈಪಿನ ಬಾಯಿ ಆ ಕಡೆ ಇದ್ದರೆ ಪಂಪ್ ಗಾಳಿ ಕುಡಿಯುತ್ತೆ.

ಇದು ಸಣ್ಣ ವಿಷಯ ಅನ್ನಿಸಿದರೆ 2019ರ ಮಾರ್ಚ್ 23 ನೆನಪಿಸಿಕೊಳ್ಳಿ. ನಾರ್ವೆಯ ಹುಸ್ಟಾಡ್‌ವಿಕಾ ಕರಾವಳಿಯಲ್ಲಿ ಬಿರುಗಾಳಿ. ವೈಕಿಂಗ್ ಸ್ಕೈ ಅನ್ನುವ ಪ್ರವಾಸಿ ಹಡಗಿನಲ್ಲಿ 1,373 ಜನ. ಆ ಹಡಗು ನಡೆಯುವುದೂ ಜನರೇಟರ್ ಕರೆಂಟಿನಿಂದಲೇ. ಓಡುತ್ತಿದ್ದ ಜನರೇಟರ್‌ಗಳೆಲ್ಲ ಆಯಿಲ್ ಪ್ರೆಶರ್ ಕಮ್ಮಿ ಅಂತ ಟ್ರಿಪ್ ಆಗಿ ಹಡಗು ಕತ್ತಲಾಯಿತು, ಬಂಡೆಗಳ ಕಡೆ ತೇಲತೊಡಗಿತು. ದಡಕ್ಕೆ ಬಡಿಯಲು ಹಡಗಿನ ಉದ್ದದಷ್ಟೂ ದೂರ ಉಳಿದಿರಲಿಲ್ಲ, ಅಷ್ಟರಲ್ಲಿ ಇಂಜಿನ್ ಮತ್ತೆ ಹತ್ತಿತು. ತನಿಖೆಯಲ್ಲಿ ಗೊತ್ತಾಗಿದ್ದು ಇಷ್ಟೇ: ಎಣ್ಣೆ ಟ್ಯಾಂಕುಗಳು 28ರಿಂದ 40 ಪರ್ಸೆಂಟ್ ಮಾತ್ರ ತುಂಬಿದ್ದವು. ಇಂಜಿನ್ ತಯಾರಕರು ಹೇಳಿದ್ದು 68ರಿಂದ 75. ಪಂಪ್‌ಗಳು ಸರಿಯಾಗೇ ಇದ್ದವು.

ನಿಯಮದ ಪ್ರಕಾರ ಹಡಗು ಅಕ್ಕಪಕ್ಕಕ್ಕೆ 22.5 ಡಿಗ್ರಿ ಓಲಾಡಿದರೂ, ಹಿಂದೆ ಮುಂದೆ 7.5 ಡಿಗ್ರಿ ತೂಗಿದರೂ ಮುಖ್ಯ ಯಂತ್ರಗಳು ನಡೆಯಬೇಕು. ಆ ಲೆಕ್ಕ ಹಾಕುವಾಗ ಟ್ಯಾಂಕಿನಲ್ಲಿ ಬೇಕಾದಷ್ಟು ಎಣ್ಣೆ ಇದೆ ಅಂತಲೇ ಹಿಡಿದಿರುತ್ತಾರೆ. ಶಾಂತ ಬಂದರಿನಲ್ಲಿ ಡಿಪ್ ಹಾಕಿ (ಎಣ್ಣೆ ಮಟ್ಟ ಅಳೆದು) 'ಸಾಕಾಗುತ್ತೆ ಬಿಡಿ' ಅನ್ನೋದು ಮಳೆಗಾಲದ ಅರಬ್ಬೀ ಸಮುದ್ರಕ್ಕೆ ಗೊತ್ತಿಲ್ಲ.

ಪಂಪ್ ನಿಲ್ಸಿ ಮತ್ತೆ ಹಾಕಿದ್ರೆ ಸರಿ ಹೋಗುತ್ತೆ. ಎರಡು ಗಂಟೆ ಆದ್ಮೇಲೆ ಮತ್ತೆ ಅದೇ ಗೋಳು. ಏನಿದು ಭೂತ?

ಈ ಭೂತವನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಡ್ರೈಡಾಕ್‌ನಲ್ಲಿ (ಹಡಗನ್ನು ನೀರಿಲ್ಲದ ಕಡೆ ನಿಲ್ಲಿಸಿ ರಿಪೇರಿ ಮಾಡುವ ಜಾಗದಲ್ಲಿ) ಎಣ್ಣೆ ಟ್ಯಾಂಕ್ ತೊಳೆಸಿ ಹೊರಟಿದ್ದೆವು. ಎರಡನೇ ದಿನದಿಂದ ಪ್ರೆಶರ್ ನಿಧಾನಕ್ಕೆ ಇಳಿಯತೊಡಗಿತು. ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ ಸದ್ದು. ಪಂಪ್ ಬದಲಾಯಿಸಿದರೆ ಸದ್ದಿಲ್ಲ, ಪ್ರೆಶರ್ ಪೂರ್ತಿ. ಮೊದಲನೆಯ ಪಂಪನ್ನೇ ಮತ್ತೆ ಹಾಕಿದರೆ ಅದೂ ಚೆನ್ನಾಗೇ ಓಡುತ್ತೆ, ಒಂದೆರಡು ಗಂಟೆ ಮಾತ್ರ. ಪಂಪಿಗೆ ಮುಂಚಿನ ಜರಡಿ, ಅಂದರೆ ಸ್ಟ್ರೈನರ್, ತೆಗೆದು ನೋಡಿದರೆ ಕ್ಲೀನ್.

ಚೀಫ್ ಇಂಜಿನಿಯರ್ ಪಂಪ್ ಬಿಚ್ಚಲು ಬಿಡಲಿಲ್ಲ. ಬಂದರಿಗೆ ಬಂದ ಮೇಲೆ ಎಣ್ಣೆ ಖಾಲಿ ಮಾಡಿಸಿ ನನ್ನನ್ನು ಟ್ಯಾಂಕಿಗೆ ಇಳಿಸಿದರು. ಸಕ್ಷನ್ ಪೈಪಿನ ಬಾಯಿ ಕೆಳಗೆ ಅಂಗೈಯಗಲದ ಒರೆಸುವ ಬಟ್ಟೆ, ಎಣ್ಣೆ ಕುಡಿದು ಚರ್ಮದ ಹಾಗೆ ಗಟ್ಟಿಯಾಗಿತ್ತು. ತೊಳೆದವರು ಬಿಟ್ಟು ಬಂದದ್ದು. ಪಂಪ್ ಓಡುವಾಗ ಬಾಯಿಗೆ ಅಂಟಿಕೊಳ್ಳುತ್ತಿತ್ತು, ನಿಂತಾಗ ಕಳಚಿ ಬೀಳುತ್ತಿತ್ತು. ನಿಲ್ಲಿಸಿ ಹಾಕಿದರೆ ಸರಿ ಹೋಗುವ ರೋಗವೆಂದರೆ ಸಕ್ಷನ್ ಕಡೆ ಏನೋ ಅಡ್ಡ ಬರುತ್ತಿದೆ ಅಂತಲೇ ಹಿಡಿಯಿರಿ. ಸವೆದ ಪಂಪ್ ವಿಶ್ರಾಂತಿ ಕೊಟ್ಟರೆ ರಿಪೇರಿ ಆಗಲ್ಲ.

ಸಕ್ಷನ್ ಪೈಪಲ್ಲಿ ಗಾಳಿ ಎಳೀತಿದೆ ಅಂತ ಅನುಮಾನ. ಎಲ್ಲೂ ಒಂದು ಹನಿ ಎಣ್ಣೆ ಸೋರಿಲ್ಲ. ಹೇಗೆ ಹುಡುಕೋದು?

ನಾಲೆಗೆ ಪೈಪ್ ಬಿಟ್ಟು ಪಂಪ್‌ಸೆಟ್ ಓಡಿಸಿದವರಿಗೆ ಇದರ ಉತ್ತರ ಗೊತ್ತು. ಪಂಪ್ ನೀರನ್ನು ಎಳೆಯುವುದಿಲ್ಲ. ಪಂಪ್ ಜಾಗ ಖಾಲಿ ಮಾಡಿಕೊಡುತ್ತೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತೆ. ಸಮುದ್ರ ಮಟ್ಟದಲ್ಲಿ ಆ ಒತ್ತಡ ನೀರನ್ನು ಲೆಕ್ಕಕ್ಕೆ 10.3 ಮೀಟರ್ ಎತ್ತಬಲ್ಲದು. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ 9.4 ಮೀಟರ್ ಅಷ್ಟೇ, ಕೆಲಸದಲ್ಲಿ ಅದಕ್ಕಿಂತ ತುಂಬಾ ಕಮ್ಮಿ. ಪೈಪಿನ ಜಾಯಿಂಟ್ ಸಡಿಲವಿದ್ದರೆ ನೀರು ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ನಮ್ಮ ಕಡೆ ರೈತರು ಸಗಣಿ, ಜೇಡಿಮಣ್ಣು ಮೆತ್ತಿ ನೋಡುತ್ತಿದ್ದದ್ದು ಇದಕ್ಕೇ.

ಹಡಗಿನಲ್ಲೂ ಅದೇ ವಿದ್ಯೆ. ಪಂಪ್ ಓಡುತ್ತಿರುವಾಗ ಸಕ್ಷನ್ ಕಡೆಯ ಒಂದೊಂದು ಫ್ಲ್ಯಾಂಜಿಗೂ, ಸ್ಟ್ರೈನರ್ ಮುಚ್ಚಳಕ್ಕೂ, ವಾಲ್ವಿನ ಗ್ಲ್ಯಾಂಡಿಗೂ ಗ್ರೀಸ್ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಸದ್ದು ಬದಲಾಗಿ ಸೂಜಿ ನಿಲ್ಲುತ್ತೋ ಅಲ್ಲೇ ತೂತು. ಸ್ಟ್ರೈನರ್ ಮುಚ್ಚಳದ ಓ ರಿಂಗ್ ಮೊದಲ ಕಳ್ಳ. ಪಂಪಿನ ಶಾಫ್ಟ್ ಸೀಲ್ ಎರಡನೆಯದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಜಬರ್ದಸ್ತ್. ಬಿಸಿ ಆದ್ಮೇಲೆ ಇಳಿಯುತ್ತೆ. ಇದು ಮಾಮೂಲಿನಾ?

ಸ್ವಲ್ಪ ಇಳಿಯೋದು ಮಾಮೂಲಿ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿದ್ದೀರಲ್ಲ? ಕೊಪ್ಪರಿಗೆಯಲ್ಲಿ ಕುದಿಯುವಾಗ ಸೌಟಿನಿಂದ ನೀರಿನ ಹಾಗೆ ಹರಿಯುತ್ತೆ, ಅಚ್ಚಿಗೆ ಹೊಯ್ದು ಆರಿದರೆ ಕಲ್ಲು. ಎಣ್ಣೆ ಅಷ್ಟು ಅತಿ ಮಾಡಲ್ಲ, ಆದರೂ ಜನರೇಟರ್‌ಗೆ ಹಾಕುವ ಎಸ್‌ಎಇ 40 ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 140 ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ) ಇದ್ದದ್ದು 100 ಡಿಗ್ರಿಗೆ 14ರ ಆಸುಪಾಸಿಗೆ ಬರುತ್ತೆ. ಹತ್ತರಲ್ಲೊಂದು ಪಾಲು.

ಹಾಗಾಗಿ ಪ್ರೆಶರ್ ಜೊತೆಗೆ ಯಾವಾಗಲೂ ಇಂಜಿನ್‌ಗೆ ಹೋಗುವ ಎಣ್ಣೆಯ ಬಿಸಿಯನ್ನೂ ಬರೆಯಿರಿ. ದೊಡ್ಡ ಟೂ ಸ್ಟ್ರೋಕ್‌ನಲ್ಲಿ ಅದು 45 ಡಿಗ್ರಿ ಸುತ್ತಮುತ್ತ, ಜನರೇಟರ್‌ನಲ್ಲಿ 60ರ ಮೇಲೆ. ಬಿಸಿ ಜಾಸ್ತಿಯಾಗಿದ್ದರೆ ಕೂಲರ್, ಅದರ ಮೂರು ದಾರಿ ವಾಲ್ವ್ ನೋಡಿ. ಬಿಸಿ ಸರಿಯಿದ್ದೂ ಪ್ರೆಶರ್ ಇಳಿದಿದ್ದರೆ ಎಣ್ಣೆಯೇ ತೆಳ್ಳಗಾಗಿದೆ, ಇಲ್ಲ ಎಲ್ಲೋ ಸಂದು ದೊಡ್ಡದಾಗಿದೆ.

ಎಣ್ಣೆಗೆ ಡೀಸೆಲ್ ಬೆರೆತಿದೆ ಅಂತ ಲ್ಯಾಬಿಗೆ ಕಳಿಸದೆ ಹೇಗೆ ತಿಳಿಯೋದು?

ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ ಸಂತೋಷಪಡಬೇಡಿ. ಓರೆ ಹಲಗೆಯ ಮೇಲೆ ಹೊಸ ಎಣ್ಣೆಯ ಒಂದು ಹನಿ, ಹಳೆಯದರ ಒಂದು ಹನಿ ಬಿಟ್ಟು ಯಾವುದು ಬೇಗ ಓಡುತ್ತೆ ನೋಡಿ. ಹಳೆಯದು ಗೆದ್ದರೆ ಡೀಸೆಲ್ ಸೇರಿದೆ. ಹೆವಿ ಫ್ಯುಯೆಲ್ (ಹಡಗಿನ ದಪ್ಪ ಇಂಧನ) ಸೇರಿದರೆ ಉಲ್ಟಾ, ಎಣ್ಣೆ ದಪ್ಪಗಾಗುತ್ತೆ. ಡೀಸೆಲ್ ಬೆರೆತ ಎಣ್ಣೆ ಬೇಗ ಹೊತ್ತಿಕೊಳ್ಳುವುದು ಇನ್ನೊಂದು ತಲೆನೋವು.

ಮೋಟಾರ್ ರೀವೈಂಡ್ ಮಾಡಿಸಿ ಕೂರಿಸಿದ ಮೇಲೆ ಪ್ರೆಶರ್ ಅರ್ಧ ಬರ್ತಿದೆ. ವೈಂಡಿಂಗ್ ಸರಿ ಇಲ್ವಾ?

ಬೋರ್‌ವೆಲ್ ಮೋಟಾರಿಗೆ ಫೇಸ್ ಉಲ್ಟಾ ಕೊಟ್ಟರೆ ನೀರು ಕೊಸರಿ ಕೊಸರಿ ಬರುತ್ತಲ್ಲ, ಅದೇ ಇದು. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ಎಣ್ಣೆಯನ್ನು ಮುಂದಕ್ಕೇ ಕಳಿಸುತ್ತೆ, ಆದರೆ ಕಮ್ಮಿ. ಅದಕ್ಕೇ ಮೋಸ ಹೋಗುತ್ತೇವೆ. ಸ್ಕ್ರೂ ಪಂಪಾಗಿದ್ದರೆ ಪ್ರೆಶರ್ ಬರುವುದೇ ಇಲ್ಲ. ಎರಡು ಫೇಸ್ ಅದಲು ಬದಲು ಮಾಡಿ.

## ಓರಲ್ಸ್‌ಗೆ (ಬಾಯಿ ಪರೀಕ್ಷೆಗೆ) ಓದುವವರು ಕೇಳೋದು

ಪ್ರೆಶರ್ ಬಿದ್ದಿದೆ. ಏನನ್ನೂ ಬಿಚ್ಚದೆ ಕಾರಣ ಹೇಳಿ ಅಂತ ಪರೀಕ್ಷೆ ಮಾಡುವ ಸರ್ವೇಯರ್ ಕೇಳಿದ್ರು. ಹೇಗೆ ಹೇಳೋದು?

ಸಕ್ಷನ್ ಕಡೆಯ ವ್ಯಾಕ್ಯೂಮ್ ಗೇಜಿನಿಂದ. ಎಲ್ಲರೂ ಡಿಸ್ಚಾರ್ಜ್ (ಎಣ್ಣೆ ಹೊರಡುವ ಕಡೆಯ) ಗೇಜನ್ನೇ ಗುರಾಯಿಸುತ್ತಾರೆ, ಇದನ್ನು ಯಾರೂ ನೋಡಲ್ಲ. ವ್ಯಾಕ್ಯೂಮ್ ಮಾಮೂಲಿಗಿಂತ ಜಾಸ್ತಿ ಇದ್ದರೆ ಗೇಜಿನ ಹಿಂದೆ ಎಲ್ಲೋ ಕಟ್ಟಿದೆ: ಸ್ಟ್ರೈನರ್, ಅರ್ಧ ತೆಗೆದ ವಾಲ್ವ್, ಇಲ್ಲ ಎಣ್ಣೆ ತಣ್ಣಗೆ ದಪ್ಪಗಿದೆ. ವ್ಯಾಕ್ಯೂಮ್ ಕಮ್ಮಿಯಿದ್ದು ಸೂಜಿ ಕುಣಿಯುತ್ತಿದ್ದರೆ ಗಾಳಿ. ವ್ಯಾಕ್ಯೂಮ್ ಮಾಮೂಲಿಯಾಗಿದ್ದು ಸೂಜಿ ನೆಟ್ಟಗೆ ನಿಂತಿದ್ದರೆ ಎಣ್ಣೆ ಪಂಪಿಗೆ ಚೆನ್ನಾಗಿ ಬರುತ್ತಿದೆ. ತೊಂದರೆ ಪಂಪಿನಲ್ಲಿ ಅಥವಾ ಅದರ ಮುಂದೆ.

ಇನ್ನೊಂದು ಸಾಕ್ಷಿ ಮೋಟಾರಿನ ಆಂಪಿಯರ್. ಆದರೆ ಜಾತಿ ನೋಡಿ ಹೇಳಬೇಕು. ಸೆಂಟ್ರಿಫ್ಯೂಗಲ್‌ನಲ್ಲಿ ಮುಂದೆ ಸೋರಿಕೆಯಿದ್ದರೆ ಎಣ್ಣೆ ಜಾಸ್ತಿ ಹರಿದು ಆಂಪಿಯರ್ ಏರುತ್ತೆ, ಸಕ್ಷನ್ ಕಟ್ಟಿದರೆ ಇಳಿಯುತ್ತೆ. ಸ್ಕ್ರೂ ಪಂಪಿನಲ್ಲಿ ಪ್ರೆಶರ್ ಬಿದ್ದರೆ ಆಂಪಿಯರೂ ಬೀಳುತ್ತೆ, ಕಾರಣ ಯಾವುದಾದರೂ ಸರಿ. ಈ ವ್ಯತ್ಯಾಸ ಹೇಳಿದರೆ ಸರ್ವೇಯರ್ ತಲೆ ಎತ್ತಿ ನೋಡುತ್ತಾರೆ.

ಸ್ಟ್ಯಾಂಡ್‌ಬೈ ಪಂಪ್ ಆಫ್ ಇದೆ, ಆದ್ರೂ ಶಾಫ್ಟ್ ತಿರುಗ್ತಿದೆ! ಯಾಕೆ?

ಓಡುತ್ತಿರುವ ಪಂಪಿನ ಎಣ್ಣೆ ಅದರ ಮೂಲಕ ವಾಪಸ್ ಟ್ಯಾಂಕಿಗೆ ಹೋಗುತ್ತಿದೆ. ಎಣ್ಣೆ ವಾಪಸ್ ಹರಿಯದಂತೆ ತಡೆಯುವ ಅದರ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂತಿಲ್ಲ. ಸ್ಟ್ಯಾಂಡ್‌ಬೈನ ಡಿಸ್ಚಾರ್ಜ್ ವಾಲ್ವ್ ಮುಚ್ಚಿದ ಕೂಡಲೇ ಪ್ರೆಶರ್ ಏರಿದರೆ ಸಾಕ್ಷಿ ಸಿಕ್ಕಿತು. ಮುಚ್ಚಿದ ಹೊತ್ತಿನಲ್ಲಿ ಸ್ಟ್ಯಾಂಡ್‌ಬೈ ಇಲ್ಲ ಅನ್ನುವುದು ನೆನಪಿರಲಿ. ಉಲ್ಟಾ ತಿರುಗುತ್ತಿರುವಾಗ ಅದನ್ನು ಸ್ಟಾರ್ಟ್ ಮಾಡಬೇಡಿ. ಕಪ್ಲಿಂಗ್ ಹೋಗುತ್ತೆ, ಇಲ್ಲ ಮೋಟಾರ್ ಟ್ರಿಪ್ ಆಗುತ್ತೆ.

ರಿಲೀಫ್ ವಾಲ್ವ್ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದ್ರೆ ಪ್ರೆಶರ್ ಬರುತ್ತೆ. ಅದರಲ್ಲಿ ತಪ್ಪೇನು?

ರಿಲೀಫ್ ವಾಲ್ವ್ ಇರೋದು ಪ್ರೆಶರ್ ಮಿತಿ ಮೀರಿದರೆ ಎಣ್ಣೆಯನ್ನು ವಾಪಸ್ ಬಿಡೋಕೆ. ಅದನ್ನು ಬಿಗಿ ಮಾಡೋದು ಜ್ವರ ಬಂದಾಗ ಥರ್ಮಾಮೀಟರ್ ತಿದ್ದಿದ ಹಾಗೆ. ನಿನ್ನೆವರೆಗೆ ಅದೇ ಸ್ಕ್ರೂನಲ್ಲಿ ಸರಿಯಾಗಿದ್ದದ್ದು ಇವತ್ತು ಯಾಕೆ ಸಾಲದು? ವಾಲ್ವ್ ಬಿಚ್ಚಿ. ಸ್ಪ್ರಿಂಗ್ ಮುರಿದಿರಬಹುದು, ಸೀಟಿನ ಮೇಲೆ ಕಸ ಕೂತು ಬಾಯಿ ತೆರೆದೇ ಇರಬಹುದು. ಬೇರೆ ಕಡೆಯ ಸೋರಿಕೆ ಮುಚ್ಚಿಡಲು ಬಿಗಿ ಮಾಡಿದರೆ ನಾಳೆ ಬೆಳಿಗ್ಗೆ ಎಣ್ಣೆ ತಣ್ಣಗಿದ್ದಾಗ ಪ್ರೆಶರ್ ಮಿತಿ ಮೀರಿ ಕೂಲರೋ ಸೀಲೋ ಒಡೆಯುತ್ತೆ.

ಗೇರ್ ಪಂಪ್ ಓವರ್‌ಹಾಲ್ ಮಾಡಿದೆವು. ಮೊದಲಿಗಿಂತ ಕಮ್ಮಿ ಬರ್ತಿದೆ. ಹೊಸ ಗೇರ್ ಹಾಕಿಯೂ!

ಮುಚ್ಚಳದ ಗ್ಯಾಸ್ಕೆಟ್ ಯಾರು ಕತ್ತರಿಸಿದ್ದು ಕೇಳಿ. ನಾನು ಫೋರ್ತ್ ಇಂಜಿನಿಯರ್ ಆಗಿದ್ದಾಗ ಮಾಡಿದ ತಪ್ಪು ಇದು. ತೆಳು ಕಾಗದ ಸ್ಟೋರಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದರಲ್ಲೇ ಅಚ್ಚುಕಟ್ಟಾಗಿ ಕತ್ತರಿಸಿ ಹಾಕಿದೆ, ನೋಡೋಕೆ ಬಲು ಚೆನ್ನಾಗಿತ್ತು. ಪ್ರೆಶರ್ ಏಳಲೇ ಇಲ್ಲ. ಗೇರಿನ ಪಕ್ಕಕ್ಕೂ ಮುಚ್ಚಳಕ್ಕೂ ನಡುವಿನ ಸಂದನ್ನು ಆ ಗ್ಯಾಸ್ಕೆಟ್ ದಪ್ಪವೇ ತೀರ್ಮಾನ ಮಾಡುತ್ತೆ ಅನ್ನೋದು ಆಗ ತಲೆಗೆ ಹೋಗಿರಲಿಲ್ಲ.

ಸಂದಿನಲ್ಲಿ ಜಾರುವ ಎಣ್ಣೆ ಸಂದಿನ ಘನಕ್ಕೆ ತಕ್ಕ ಹಾಗೆ ಹೆಚ್ಚುತ್ತೆ. ಸಂದು ಎರಡು ಪಟ್ಟಾದರೆ ಸೋರಿಕೆ ಎರಡಲ್ಲ, ಎಂಟು ಪಟ್ಟು. ಮೂರು ಪಟ್ಟಾದರೆ 27. ಸೀಸದ ತಂತಿಯನ್ನು ಗೇರಿನ ಮೇಲಿಟ್ಟು, ಗ್ಯಾಸ್ಕೆಟ್ ಹಾಕಿಯೇ ಮುಚ್ಚಳ ಬಿಗಿ ಮಾಡಿ, ಬಿಚ್ಚಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಮ್ಯಾನ್ಯುಯಲ್‌ನ ಲೆಕ್ಕಕ್ಕೆ ಕೂತರೆ ಮಾತ್ರ ಮುಂದಕ್ಕೆ.

ಪಂಪ್ ಸರಿ, ಫಿಲ್ಟರ್ ಸರಿ, ಎಣ್ಣೆ ಹೊಸದು. ಆದ್ರೂ ಪ್ರೆಶರ್ ಇಲ್ಲ. ಎಣ್ಣೆ ಎಲ್ಲಿಗೆ ಹೋಗ್ತಿದೆ?

ಹೋಗಿ ಕಣ್ಣಾರೆ ನೋಡಿ. ಜನರೇಟರ್ ನಿಲ್ಲಿಸಿ, ಸ್ಟಾರ್ಟ್ ಆಗದಂತೆ ಬಂದೋಬಸ್ತ್ ಮಾಡಿ, ಆರಿದ ಮೇಲೆ ಕ್ರ್ಯಾಂಕ್‌ಕೇಸ್ ಬಾಗಿಲು ತೆಗೆಯಿರಿ. ಪ್ರೈಮಿಂಗ್ ಪಂಪ್ ಹಾಕಿ ಟಾರ್ಚ್ ಬಿಡಿ. ಪ್ರತಿ ಬೇರಿಂಗಿನ ಅಂಚಿನಿಂದ ಎಣ್ಣೆ ಜೇನಿನ ಎಳೆಯ ಹಾಗೆ ಇಳಿಯುತ್ತಿರಬೇಕು, ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ. ಕೈಯಲ್ಲಿ ಇಂಜಿನ್ ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಒಂದರಿಂದ ಮಾತ್ರ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿದ್ದರೆ ಅದರ ಶೆಲ್ (ಬೇರಿಂಗಿನ ಒಳಪದರ) ಸವೆದಿದೆ. ಒಂದರಿಂದ ಏನೂ ಬರದಿದ್ದರೆ ಅದು ಇನ್ನೂ ಕೆಟ್ಟದ್ದು, ದಾರಿ ಕಟ್ಟಿದೆ ಅಥವಾ ಶೆಲ್ಲಿನ ತೂತು ಎಣ್ಣೆಯ ತೂತಿಗೆ ಸೇರಿಲ್ಲ. ಪಿಸ್ಟನ್ ಕಡೆಗೆ ಎಣ್ಣೆ ಚಿಮ್ಮಿಸುವ ಜೆಟ್ ಇದ್ದರೆ ಅದನ್ನೂ ಎಣಿಸಿ. ಇತ್ತೀಚೆಗೆ ಓವರ್‌ಹಾಲ್ ಆಗಿದ್ದರೆ ಎಣ್ಣೆ ದಾರಿಯ ತುದಿ ಮುಚ್ಚುವ ಪ್ಲಗ್‌ಗಳನ್ನು ಎಣಿಸುವುದು ಕಡ್ಡಾಯ. ಒಬ್ಬ ಹುಡುಗ ಮೂರು ದಿನ ಪಂಪ್ ಬಿಚ್ಚಿ ಹಾಕಿ ಸಾಕಾಗಿ ಫೋನ್ ಮಾಡಿದ್ದ. ಬಾಗಿಲು ತೆಗೆದು ನೋಡಪ್ಪ ಅಂದೆ. ಅರ್ಧ ಗಂಟೆಗೆ ಫೋಟೋ ಕಳಿಸಿದ: ಆಯಿಲ್ ಗ್ಯಾಲರಿಯ (ಎಣ್ಣೆ ಹಂಚುವ ಮುಖ್ಯ ದಾರಿಯ) ತುದಿಯ ಪ್ಲಗ್ ಇಲ್ಲ, ತೂತಿನಿಂದ ಎಣ್ಣೆ ಧಾರಾಕಾರ. ಪ್ಲಗ್ ವರ್ಕ್‌ಶಾಪ್ ಬೆಂಚಿನ ಮೇಲೆ, ಅವನ ಟೀ ಲೋಟದ ಪಕ್ಕದಲ್ಲೇ ಇತ್ತಂತೆ.